ಸ್ಕೂಲ್ ಡ್ರೆಸ್ ರೂಲ್ಸ್ ಹೆಣ್ಮಕ್ಕಳಿಗೇ ಜಾಸ್ತಿ ಇದ್ಯಾ? ನೋಡೋದು ಹೇಗೆ, ಕೇಳೋದು ಹೇಗೆ

ಮೊದ್ಲು ಮಗು ಬ್ಯಾಗಿಂದ ಡೈರಿ ತೆಗೀರಿ. ಅದರಲ್ಲಿ ಎಲ್ಲೋ ಒಂದು ಪೇಜಲ್ಲಿ ಡ್ರೆಸ್ ರೂಲ್ಸ್ ಇರುತ್ತೆ, ಅಡ್ಮಿಷನ್ ಗಡಿಬಿಡಿಯಲ್ಲಿ ನಾವೆಲ್ಲ ಓದ್ದೇನೇ ಸೈನ್ ಹಾಕಿರ್ತೀವಿ. ಒಂದು ಹಾಳೆ ತಗೊಂಡು ಮಧ್ಯಕ್ಕೆ ಗೆರೆ ಎಳೆದು ಹುಡುಗರಿಗೆ ಹೇಳಿರೋದು ಒಂದು ಕಡೆ, ಹುಡುಗೀರಿಗೆ ಹೇಳಿರೋದು ಇನ್ನೊಂದು ಕಡೆ ಬರೀರಿ. ಇಲ್ಲಿ ಮಂಡ್ಯದಲ್ಲಿ ನಾನು ಬರೆದಾಗ ಹುಡುಗರ ಕಡೆ ಮೂರೇ ಸಾಲು ಬಂತು: ಕೂದಲು ಶಾರ್ಟ್ ಇರ್ಬೇಕು, ಶರ್ಟ್ ಇನ್ ಮಾಡ್ಬೇಕು, ಕಪ್ಪು ಶೂ. ಹುಡುಗೀರ ಕಡೆ ಹನ್ನೊಂದು. ಎರಡು ಜಡೆ ಹಾಕಿ ಮಡಚಿ ಕಟ್ಬೇಕು, ರಿಬ್ಬನ್ ಇಂಥದ್ದೇ ಬಣ್ಣ, ಹೂವು ಬೇಡ, ಬಳೆ ಬೇಡ, ಗೆಜ್ಜೆ ಬೇಡ, ಲಂಗ ಮಂಡಿ ಮುಚ್ಚಬೇಕು, ಶರ್ಟ್ ಒಳಗೆ ಸ್ಲಿಪ್ ಕಡ್ಡಾಯ, ಎಂಟನೇ ಕ್ಲಾಸಿಂದ ಮೇಲೊಂದು ಓವರ್‌ಕೋಟ್, ಹೀಗೆ ಹೋಗ್ತಾನೇ ಇತ್ತು.

ಹನ್ನೊಂದಿದೆ ಅಂದಾಕ್ಷಣ ಎಲ್ಲಾ ಅನ್ಯಾಯ ಅಂತಲ್ಲ. ಒಂದೊಂದರ ಮುಂದೆನೂ ಇದು ಯಾಕೆ ಅಂತ ನೀವೇ ಬರೀರಿ. ಆಟ ಆಡುವಾಗ ಬಳೆ ಒಡೆದ್ರೆ ಕೈಗೆ ಚುಚ್ಚುತ್ತೆ, ಸರಿ, ಒಪ್ಕೋಬಹುದು. ಆದ್ರೆ ಅದೇ ಸ್ಕೂಲಲ್ಲಿ ಹುಡುಗರು ಕೈಗೆ ಕಡಗ ಹಾಕ್ಕೊಂಡು ಬಂದ್ರೆ ಯಾರೂ ಕೇಳಲ್ಲ ಅನ್ನೋದಾದ್ರೆ ಸೇಫ್ಟಿ ಅನ್ನೋ ಕಾರಣ ಅಲ್ಲೇ ಬಿದ್ದೋಯ್ತು. ಕೆಲವಕ್ಕೆ ಕಾರಣ ಬರೆಯೋಕೆ ಹೋದ್ರೆ ಪೆನ್ನೇ ಓಡಲ್ಲ, ಯಾಕಂದ್ರೆ ಒಳಗಿರೋ ಕಾರಣ "ಹುಡುಗರು ನೋಡ್ತಾರೆ" ಅಂತ. ಮಂಡ್ಯದ ಏಪ್ರಿಲ್ ಸೆಕೆಯಲ್ಲಿ ಸ್ಲಿಪ್ಪು, ಶರ್ಟು, ಅದ್ರ ಮೇಲೆ ಓವರ್‌ಕೋಟು, ಮೂರು ಪದರ ಹಾಕ್ಕೊಂಡು ಕೂರೋಳು ಒಬ್ಬಳು, ಕಣ್ಣು ಮಾತ್ರ ಬೇರೆಯವರದ್ದು. ಅಂಥ ರೂಲ್ ಸಿಕ್ಕಿದ್ರೆ ಅದಕ್ಕೆ ರೌಂಡ್ ಹಾಕಿ ಇಟ್ಕೊಳ್ಳಿ.

ಆದ್ರೆ ಎಲ್ಲಾನೂ ಒಟ್ಟಿಗೆ ಹಿಡ್ಕೊಂಡು ಹೋಗಬೇಡಿ, ನಾನು ಮೊದಲನೇ ಸಲ ಅದೇ ತಪ್ಪು ಮಾಡಿದ್ದು. ಹನ್ನೊಂದನ್ನೂ ಓದೋಕೆ ಶುರು ಮಾಡ್ದೆ, ಹೆಡ್ ಮೇಡಂ ಐದನೇದಕ್ಕೇ ವಾಚ್ ನೋಡಿದ್ರು. ಒಂದೇ ಒಂದು ಆರಿಸ್ಕೊಳ್ಳಿ, ಮಗುಗೆ ದಿನಾ ತೊಂದ್ರೆ ಕೊಡೋದು ಯಾವುದು ಅಂತ ಮಗೂನೇ ಕೇಳಿ. ನನ್ನ ಮಗಳು ಓವರ್‌ಕೋಟ್ ಅಂತಾಳೆ ಅಂದ್ಕೊಂಡಿದ್ದೆ, ಅವಳು ಹೇಳಿದ್ದು ಶನಿವಾರದ ಬಿಳಿ ಯೂನಿಫಾರ್ಮು. ಒಂದು ಶನಿವಾರ ಮಾರ್ಚ್ ಬಿಸಿಲಲ್ಲಿ ಸೊಂಟಕ್ಕೆ ಸ್ವೆಟರ್ ಸುತ್ಕೊಂಡು, ಬ್ಯಾಗಿನ ಪಟ್ಟಿ ಉದ್ದ ಬಿಟ್ಟು ಲಂಗದ ಹಿಂದಕ್ಕೆ ಬರೋ ಹಾಗೆ ಇಳಿಬಿಟ್ಕೊಂಡು ಬಂದಿದ್ಲು. ಸೈಕಲ್ ಹತ್ತಿಲ್ಲ, ಅಷ್ಟು ದೂರ ತಳ್ಕೊಂಡೇ ಬಂದಿದಾಳೆ. "ಅಮ್ಮ, ಶನಿವಾರ ಯಾವಾಗ್ಲೂ ಒಬ್ರಿಬ್ರು ರಜಾ ಹಾಕ್ತಾರೆ, ಯಾಕೆ ಅಂತ ಯಾವ ಮಿಸ್ಸೂ ಕೇಳಲ್ಲ" ಅಂದ್ಲು. ಪಿಟಿ ಇರೋ ದಿನವೇ ಬಿಳಿ, ಅದೂ ಲಂಗ. ಇದನ್ನ ಮೊದಲು ಯೋಚನೆ ಮಾಡಿದವರಿಗೆ ಮುಟ್ಟಾಗಲ್ಲ ಅಂತ ಕಾಣುತ್ತೆ.

ಈಗ ಕಾನೂನು, ಸ್ವಲ್ಪ ಗೊತ್ತಿದ್ರೆ ಮಾತಾಡೋಕೆ ಧೈರ್ಯ ಬರುತ್ತೆ. ಕರ್ನಾಟಕದ 1995ರ ಶಿಕ್ಷಣ ನಿಯಮಗಳಲ್ಲಿ 11ನೇ ನಿಯಮ ಯೂನಿಫಾರ್ಮ್ ಬಗ್ಗೆನೇ ಇದೆ: ಸ್ಕೂಲು ತನ್ನ ಯೂನಿಫಾರ್ಮ್ ತಾನೇ ಗೊತ್ತು ಮಾಡಬಹುದು, ಮಾಡಿದ್ಮೇಲೆ 5 ವರ್ಷ ಬದಲಾಯಿಸೋ ಹಾಗಿಲ್ಲ, ಬದಲಾಯಿಸ್ಬೇಕಾದ್ರೆ ಪೋಷಕರಿಗೆ 1 ವರ್ಷ ಮುಂಚೆ ನೋಟಿಸ್ ಕೊಡ್ಬೇಕು. ಇದು ನಮ್ಮ ಖರ್ಚು ಉಳಿಸೋ ನಿಯಮ, ಆದ್ರೆ ನೀವು ಕೇಳಕ್ಕೆ ಹೋದಾಗ ಇದನ್ನೇ ತೋರಿಸಿ "ಆಗಲ್ಲ" ಅನ್ನಬಹುದು. ಅದಕ್ಕೇ ಬದಲಾಯಿಸಿ ಅನ್ನಬೇಡಿ, ಇರೋದು ಇರಲಿ, ಜೊತೆಗೆ ಇನ್ನೊಂದಕ್ಕೂ ಅವಕಾಶ ಕೊಡಿ ಅನ್ನಿ. ಇನ್ನೊಂದು, ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕಿನ ಕಾಯ್ದೆ, ಅದರ 17ನೇ ಸೆಕ್ಷನ್ ಪ್ರಕಾರ ಮಗೂನ ಹೊಡೆಯೋದಷ್ಟೇ ಅಲ್ಲ, ಮಾನಸಿಕವಾಗಿ ಹಿಂಸೆ ಕೊಡೋದೂ ತಪ್ಪು. ಪ್ರೇಯರ್ ಲೈನಲ್ಲಿ ನಿಲ್ಲಿಸಿ ಲಂಗದ ಉದ್ದ ಅಳೆಯೋದು, ಎಲ್ಲರ ಮುಂದೆ ಹುಡುಗನ ಕೂದಲಿಗೆ ಕತ್ತರಿ ಹಾಕೋದು, ಎರಡಕ್ಕೂ ಈ ಸೆಕ್ಷನ್ ಹೆಸರು ಹೇಳಿ ಕೇಳಬಹುದು. ಹುಡುಗರಿಗೂ ಅವಮಾನ ಆಗುತ್ತೆ, ಅದನ್ನ ಬಿಡಬೇಡಿ.

ಸರ್ಕಾರಿ ಸ್ಕೂಲಾದ್ರೆ ಎಸ್‌ಡಿಎಂಸಿಗೆ, ಅಂದ್ರೆ ಶಾಲಾಭಿವೃದ್ಧಿ ಸಮಿತಿಗೆ ಹೋಗಿ. ಆರ್‌ಟಿಇ ಕಾಯ್ದೆ ಪ್ರಕಾರ ಅಂಥ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆತಾಯಂದಿರು, ಅರ್ಧದಷ್ಟು ಹೆಂಗಸರು ಇರ್ಬೇಕು. ಹೆಸರಿಗೆ ಇದ್ದು ಸೈನ್ ಮಾತ್ರ ಗಂಡಂದಿರು ಹಾಕ್ತಿದ್ರೆ ಮೊದಲು ಆ ಅಕ್ಕಂದಿರ ಮನೆಗೇ ಹೋಗಿ ಮಾತಾಡಿ. ಅನುದಾನ ಇಲ್ಲದ ಪ್ರೈವೇಟ್ ಸ್ಕೂಲಿಗೆ ಈ ಸಮಿತಿಯ ನಿಯಮ ಅನ್ವಯಿಸಲ್ಲ, ಅಲ್ಲಿ ಪೇರೆಂಟ್ಸ್ ಮೀಟಿಂಗು, ಲೆಟರ್ರು ಅಷ್ಟೇ ದಾರಿ.

ಲೆಟರ್ ಅರ್ಧ ಪೇಜ್ ಸಾಕು. ನಾವು ಬರೆದಿದ್ದು ಇಷ್ಟೇ: "ಶನಿವಾರ ಬಿಳಿ ಡ್ರೆಸ್ ಬದಲು ನೇವಿ ಬ್ಲೂ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಲು ಇಷ್ಟವಿರುವ ಎಲ್ಲಾ ಹುಡುಗ ಹುಡುಗಿಯರಿಗೂ ಅವಕಾಶ ಕೊಡಬೇಕಾಗಿ ವಿನಂತಿ." ಎಲ್ಲಾ ಅನ್ನೋದು ಮುಖ್ಯ, ಹುಡುಗೀರಿಗೆ ಮಾತ್ರ ಅಂದ್ರೆ ಅದನ್ನ ಹಾಕ್ಕೊಂಡು ಬಂದವಳನ್ನ ನೋಡಿದ ತಕ್ಷಣ ಎಲ್ರಿಗೂ ಗೊತ್ತಾಗುತ್ತೆ. ನಂಬಿ, ಮೊದಲು ಸೈನ್ ಹಾಕಿದ್ದು ಇಬ್ಬರು ಗಂಡುಮಕ್ಕಳ ತಾಯಿ, ಮಣ್ಣಾದ ಬಿಳಿ ಪ್ಯಾಂಟ್ ಉಜ್ಜಿ ನೀಲಿ ಹಾಕಿ ಹಾಕಿ ಸಾಕಾಗಿತ್ತಂತೆ. ಲೆಟರನ್ನ ಜನವರಿ ಫೆಬ್ರವರಿಯಲ್ಲೇ ಕೊಡಿ, ಬಟ್ಟೆ ಅಂಗಡಿಗೆ ಆರ್ಡರ್ ಹೋದ್ಮೇಲೆ ಏನು ಹೇಳಿದ್ರೂ ಮುಂದಿನ ವರ್ಷಕ್ಕೇ.

"ಎಲ್ಲಾದ್ರೂ ಹಿಂಗೆ ಮಾಡಿದಾರಾ" ಅಂತ ಕೇಳೇ ಕೇಳ್ತಾರೆ. ಕೇರಳದ ಎರ್ನಾಕುಲಂ ಜಿಲ್ಲೆ ವಳಯನ್‌ಚಿರಂಗರದ ಸರ್ಕಾರಿ ಎಲ್‌ಪಿ (ಕಿರಿಯ ಪ್ರಾಥಮಿಕ) ಸ್ಕೂಲಲ್ಲಿ 2018ರಿಂದ ಹುಡುಗ ಹುಡುಗಿ ಇಬ್ರಿಗೂ ಒಂದೇ ತ್ರೀ ಫೋರ್ತ್ ಚಡ್ಡಿ, ಶರ್ಟು. 2021ರ ಡಿಸೆಂಬರಲ್ಲಿ ಬಾಲುಶ್ಶೇರಿಯ ಸರ್ಕಾರಿ ಹೈಯರ್ ಸೆಕೆಂಡರಿಯಲ್ಲೂ ಇಬ್ರಿಗೂ ಪ್ಯಾಂಟ್ ಶರ್ಟ್ ಬಂತು, ಅಲ್ಲಿ ವಿರೋಧನೂ ಆಯ್ತು, ಅದನ್ನೂ ಮುಚ್ಚಿಡಬೇಡಿ. ಯಾರಾದ್ರೂ ಮಧ್ಯ ಹಿಜಾಬ್ ವಿಷಯ ಎತ್ತಿದ್ರೆ, 2022ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜ್‌ಗಳೇ ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟ ವಿಷಯ ಅದು, ಇವತ್ತು ಶನಿವಾರದ ಲಂಗ ಮುಗಿಸೋಣ ಅಂತ ಹೇಳಿ ಮುಂದಕ್ಕೆ ಹೋಗಿ.

ಸ್ಕೂಲವರು ಉತ್ತರಾನೇ ಕೊಡಲ್ಲ ಅಂದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅದೇ ಲೆಟರ್ ಕೊಡಿ, ಮಗೂಗೆ ಅವಮಾನ ಮಾಡಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಮಗೆ ಅಲ್ಲಿವರೆಗೂ ಹೋಗೋ ಪ್ರಸಂಗ ಬರ್ಲಿಲ್ಲ, ಮೂರು ವಾರ ಆದ್ಮೇಲೆ ಟ್ರ್ಯಾಕ್ ಪ್ಯಾಂಟಿಗೆ ಹೂಂ ಅಂದ್ರು, ಎರಡು ಜಡೆ ಹಂಗೇ ಇದೆ. ಆ ಹೂಂ ಬಾಯಿಮಾತಲ್ಲಿ ಬಿಡಬೇಡಿ. ಸೀಲ್ ಹಾಕಿಸಿ, ಎರಡು ಜೆರಾಕ್ಸ್ ತೆಗೆಸಿ ಇಟ್ಕೊಳ್ಳಿ, ಹೆಡ್ ಮೇಡಂ ಬದಲಾದ್ರೆ "ನಮಗೆ ಗೊತ್ತೇ ಇಲ್ಲ" ಅಂತಾರೆ.