ಪಿನ್‌ಕೋಡ್ ಒಡೆದು ನೋಡಿ: ಕಾರವಾರ ಸಲೀಸು, ಶಿರಸಿ ಹಟಮಾರಿ

ಶಾಲೆಯಲ್ಲಿ 36, 48ರ ಅಪವರ್ತನ ಬರೆದು ಅಲ್ಲಿಗೇ ಕೈಬಿಟ್ಟವರೇ ಜಾಸ್ತಿ. ಆರಂಕಿಯ ಸಂಖ್ಯೆ ಬೇಕಿದ್ದರೆ ದೂರ ಹೋಗಬೇಕಿಲ್ಲ, ನಿಮ್ಮ ವಿಳಾಸದ ಕೊನೆಯಲ್ಲೇ ಇದೆ. ಕಾರವಾರದ 581301 ತೆಗೆದುಕೊಳ್ಳೋಣ. ಕ್ಯಾಲ್ಕ್ಯುಲೇಟರ್ ಸದ್ಯಕ್ಕೆ ಬದಿಗಿಡಿ.

ಮೊದಲು ಕೊನೆಯ ಅಂಕಿ ನೋಡಿ. ಇಲ್ಲಿ 1 ಇದೆ, ಹಾಗಾಗಿ 2 ಮತ್ತು 5ರ ಮಾತೇ ಇಲ್ಲ.

ಈಗ ಅಂಕಿಗಳನ್ನು ಕೂಡಿಸಿ: 5+8+1+3+0+1 = 18. ಇದು 9ರಿಂದ ಭಾಗವಾಗುತ್ತದೆ, ಆದ್ದರಿಂದ ಇಡೀ ಸಂಖ್ಯೆಯೂ ಆಗುತ್ತದೆ. 10, 100, 1000 ಯಾವುದನ್ನೇ 9ರಿಂದ ಭಾಗಿಸಿದರೂ 1 ಉಳಿಯುತ್ತದೆ ಅಲ್ವಾ, ಗುಟ್ಟು ಅಷ್ಟೇ. 581301 ÷ 9 = 64589.

ಮುಂದಿನದು ನನಗೆ ಬಲು ಇಷ್ಟದ ಉಪಾಯ. ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಕತ್ತರಿಸಿ: 581 ಮತ್ತು 301. ವ್ಯತ್ಯಾಸ 280. 7 × 11 × 13 = 1001 ಆಗುವುದರಿಂದ, ಈ ಮೂರರ ಪರೀಕ್ಷೆಯೂ ಈ ಒಂದೇ ವ್ಯತ್ಯಾಸದಲ್ಲಿ ಮುಗಿಯುತ್ತದೆ. 280 ಏಳರಿಂದ ಭಾಗವಾಗುತ್ತದೆ. 11, 13ರಿಂದ ಇಲ್ಲ. 64589 ÷ 7 = 9227.

9227 ಇನ್ನೂ ಒಡೆಯುತ್ತದೆಯೇ? ಎಲ್ಲಿಯವರೆಗೆ ನೋಡಬೇಕು ಎಂದು ಮೊದಲು ತಿಳಿದುಕೊಳ್ಳಿ. 96 × 96 = 9216, 97 × 97 = 9409. ಎರಡು ಅಪವರ್ತನಗಳೂ 97 ಅಥವಾ ಹೆಚ್ಚಾದರೆ ಗುಣಲಬ್ಧ 9227 ದಾಟಿಬಿಡುತ್ತದೆ. ಅಂದರೆ 97ಕ್ಕಿಂತ ಕೆಳಗಿನ ಅವಿಭಾಜ್ಯ ಸಂಖ್ಯೆಗಳು ಸಾಕು. ಯಾವುದೂ ಹೋಗುವುದಿಲ್ಲ. ಹಾಗಾಗಿ 581301 = 3 × 3 × 7 × 9227.

ಒಟ್ಟು ಭಾಜಕಗಳೆಷ್ಟು? 3 ಎರಡು ಸಲ, 7 ಮತ್ತು 9227 ಒಂದೊಂದು ಸಲ ಬಂದಿವೆ. ಪ್ರತಿ ಲೆಕ್ಕಕ್ಕೂ ಒಂದು ಸೇರಿಸಿ ಗುಣಿಸಿ: 3 × 2 × 2 = 12.

ಇನ್ನು ಘಟ್ಟ ಹತ್ತೋಣ. ಶಿರಸಿಯ 581401. ಬೆಸ ಸಂಖ್ಯೆ. ಅಂಕಿಗಳ ಮೊತ್ತ 19, ಆದ್ದರಿಂದ 3 ಇಲ್ಲ. 581ರಲ್ಲಿ 401 ಕಳೆದರೆ 180. 7, 11, 13 ಕೂಡ ಇಲ್ಲ. 17 ಮತ್ತು 19ರಲ್ಲಿ ತಲಾ ಒಂದೇ ಒಂದು ಉಳಿದು ಕೈಕೊಡುತ್ತದೆ. ಈ ಸಲ 762ರವರೆಗೆ ಹುಡುಕಬೇಕು, ಅಷ್ಟರೊಳಗೆ 135 ಅವಿಭಾಜ್ಯಗಳಿವೆ. ತಾಳ್ಮೆಯಿಂದ ಒಂದೊಂದಾಗಿ ಭಾಗಿಸುತ್ತಾ ಹೋದರೆ ಬಾಗಿಲು ತೆರೆಯುವುದು 82ನೆಯದಕ್ಕೆ: 421 × 1381. ಎರಡೂ ಅವಿಭಾಜ್ಯ. ಭಾಜಕಗಳು ನಾಲ್ಕೇ ನಾಲ್ಕು.

421ನ್ನು 1381ರಿಂದ ಗುಣಿಸಲು ಒಂದು ನಿಮಿಷ ಸಾಕು, ಉತ್ತರದಿಂದ ಹಿಂದಕ್ಕೆ ಬರುವುದೇ ತಲೆನೋವು. 1977ರಲ್ಲಿ ರಿವೆಸ್ಟ್, ಶಮೀರ್, ಅಡ್ಲ್‌ಮನ್ ಎಂಬ ಮೂವರು ಸಂಶೋಧಕರು ಈ ತಲೆನೋವನ್ನೇ ಸಂದೇಶ ಗುಟ್ಟಾಗಿಡುವ ಬೀಗ ಮಾಡಿಕೊಂಡರು. ಅವರ ಆರ್‌ಎಸ್‌ಎ ವಿಧಾನದಲ್ಲಿ ಇಂದು ಸಾಮಾನ್ಯವಾಗಿ ಬಳಸುವ 2048 ಬಿಟ್‌ನ (ಕಂಪ್ಯೂಟರಿನ 0, 1ರ ಬರಹದಲ್ಲಿ 2048 ಅಂಕಿಯ) ಸಂಖ್ಯೆಗೆ ನಮ್ಮ ಲೆಕ್ಕದಲ್ಲಿ 617 ಅಂಕಿಗಳು. ಆರಂಕಿಯದನ್ನು ಕಂಪ್ಯೂಟರ್ ಕಣ್ಣುಮಿಟುಕಿಸುವಷ್ಟರಲ್ಲಿ ಒಡೆಯುತ್ತದೆ. ಅಷ್ಟುದ್ದದ್ದಕ್ಕೆ ಅದೂ ಸುಸ್ತು.

ಕುಮಟೆಯ 581343 ನಿಮಗೆ ಬಿಟ್ಟಿದ್ದೇನೆ. ಅದು ಐದು ಅವಿಭಾಜ್ಯಗಳಾಗಿ ಒಡೆಯುತ್ತದೆ, ಯಾವುದೂ 47 ದಾಟುವುದಿಲ್ಲ. 3ರಿಂದ ಶುರುಮಾಡಿ.