ದಂತಭಾಗ್ಯದ ಹಲ್ಲು ಸೆಟ್: ಮೇಣದ ದಿನ ‘ಹೂಂ’ ಅನ್ನಬೇಡಿ

ನಮ್ಮ ದೊಡ್ಡವ್ವನ ಹಲ್ಲು ಸೆಟ್ ಈಗ ಜಗಳೂರು ಕಡೆಯ ಹಳ್ಳಿಯೊಂದರಲ್ಲಿ, ದೇವರ ಗೂಡಿನ ಕುಂಕುಮದ ಭರಣಿ ಪಕ್ಕ, ಸ್ಟೀಲ್ ಡಬ್ಬಿಯೊಳಗೆ ಇದೆ. ಮದುವೆ ಮನೆಗೆ ಹೊರಟರೆ ಹೊರಗೆ ಬರುತ್ತದೆ, ಫೋಟೋ ಮುಗಿದ ಮೇಲೆ ಸೆರಗಿನ ಗಂಟು ಸೇರುತ್ತದೆ. ಊಟಕ್ಕೆ ಹಾಕಿಕೊಂಡಿದ್ದನ್ನು ನಾನಂತೂ ಕಂಡಿಲ್ಲ.

ನಮ್ಮ ಮನೆ ದಾವಣಗೆರೆಯಲ್ಲಿ, ದಂತ ಕಾಲೇಜಿಗೆ ಆಟೋದಲ್ಲಿ ಹತ್ತು ನಿಮಿಷ. ಹಾಗಾಗಿ ನೆಂಟರ ಪೈಕಿ ಹಲ್ಲು ಕಟ್ಟಿಸುವವರೆಲ್ಲ ನಮ್ಮಲ್ಲೇ ಇಳಿದುಕೊಳ್ಳುತ್ತಾರೆ, ಜೊತೆಗೆ ಹೋಗುವ ಕೆಲಸ ನನಗೆ ಬೀಳುತ್ತದೆ. ಇದುವರೆಗೆ ಏಳು ಜನರನ್ನು ಕರೆದೊಯ್ದಿದ್ದೇನೆ. ಮೂವರ ಸೆಟ್ ಡಬ್ಬಿ ಸೇರಿವೆ. ಮೂವರೂ ಎಡವಿದ್ದು ಒಂದೇ ಹಂತದಲ್ಲಿ: ಗಟ್ಟಿ ಸೆಟ್ ಮಾಡುವ ಮೊದಲು ಮೇಣದಲ್ಲಿ ಮಾಡಿ ಬಾಯಿಗಿಟ್ಟು ನೋಡುವಾಗ. ಆ ಹಂತದ ಬಗ್ಗೆ ಹೇಳಲಿಕ್ಕೇ ಈ ಲೇಖನ. ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಮೊದಲು ಕಾಗದ ಪತ್ರ

ದಂತಭಾಗ್ಯ ರಾಜ್ಯ ಸರ್ಕಾರದ ಯೋಜನೆ, 2014–15ರಲ್ಲಿ ಶುರುವಾದದ್ದು. ಬಿಪಿಎಲ್ ಕುಟುಂಬದ ಹಿರಿಯರಿಗೆ ಹಲ್ಲಿನ ಸೆಟ್ ಉಚಿತ. ಮೊದಲು 60 ದಾಟಿದವರಿಗೆಂದು ಇತ್ತು, ಆಮೇಲೆ ವಯಸ್ಸಿನ ಮಿತಿ ಇಳಿಸಿದ್ದಾರೆ. ಹಾಗಾಗಿ ಅರವತ್ತು ತುಂಬಿಲ್ಲ ಎಂದು ಮನೆಯಲ್ಲೇ ತೀರ್ಮಾನಿಸಿ ಕೂರಬೇಡಿ.

ಯೋಜನೆ ನಡೆಯುವುದು ಹೆಚ್ಚಾಗಿ ದಂತ ವೈದ್ಯಕೀಯ ಕಾಲೇಜುಗಳ ಮೂಲಕ. ದಾವಣಗೆರೆಯಲ್ಲಿ ಅಂಥವು ಎರಡಿವೆ: ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಚಿತ್ರದುರ್ಗದಲ್ಲಿ ಎಸ್.ಜೆ.ಎಂ. ದಂತ ಕಾಲೇಜು ಇದೆ. ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ ಕಡೆಯವರಿಗೆ ದುರ್ಗವೇ ಹತ್ತಿರ. ಹೊರಡುವ ಮೊದಲು ಒಂದು ಫೋನ್ ಮಾಡಿ, ‘ದಂತಭಾಗ್ಯಕ್ಕೆ ಹೆಸರು ತಗೊಳ್ತಿದ್ದೀರಾ, ಯಾವ ವಾರ ಬರಬೇಕು’ ಎಂದು ಕೇಳಿ. ಆಶಾ ಕಾರ್ಯಕರ್ತೆಯ ಹತ್ತಿರವೂ ವಿಚಾರಿಸಬಹುದು. ಹಳ್ಳಿಯ ಕ್ಯಾಂಪಿನಲ್ಲಿ ಹೆಸರು ಬರೆಸಿ, ‘ಕರೀತಾರೆ’ ಅಂತ ಎರಡು ವರ್ಷ ಕಾದವರನ್ನು ನೋಡಿದ್ದೇನೆ. ಕರೆಯದಿದ್ದರೆ ನೀವೇ ಹೋಗಿ.

ರೇಷನ್ ಕಾರ್ಡ್, ಆಧಾರ್, ಎರಡರ ಅಸಲು ಮತ್ತು ಮೂರು ಮೂರು ಜೆರಾಕ್ಸ್. ಆಯುಷ್ಮಾನ್ ಕಾರ್ಡ್ ಒಂದನ್ನೇ ಹಿಡಿದು ಹೋಗಬೇಡಿ, ಇಲ್ಲಿ ನೋಡುವುದು ಬಿಪಿಎಲ್ ಕಾರ್ಡ್. ಅಜ್ಜಿಯ ಹೆಸರು ಆ ಕಾರ್ಡಿನಲ್ಲಿ ಇದೆಯೇ ಎಂದು ಮನೆಯಲ್ಲೇ ಕಣ್ಣಾಡಿಸಿ. ಅಣ್ಣತಮ್ಮಂದಿರು ಬೇರೆಯಾದಾಗ ಅವ್ವನ ಹೆಸರು ಯಾರ ಕಾರ್ಡಿಗೂ ಸೇರದೆ ಉಳಿದಿರುತ್ತದೆ. ಅದು ಗೊತ್ತಾಗುವುದು ಕೌಂಟರಿನ ಮುಂದೆ.

ಐದಾರು ಸಲ ಓಡಾಡಬೇಕು, ಕೆಲವರಿಗೆ ಎಂಟೂ ಆಗುತ್ತದೆ. ಹೆಂಗಸರಿಗೆ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ಖರ್ಚಿಲ್ಲ. ಆದರೆ ನಮ್ಮ ಕಡೆ ಹಳ್ಳಿಗೆ ಬರುವುದು ಬಹುಪಾಲು ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಗಂಡಸರಿಗೆ 60 ದಾಟಿದ್ದರೆ ಕೆಎಸ್‌ಆರ್‌ಟಿಸಿಯಲ್ಲಿ 25 ಪರ್ಸೆಂಟ್ ರಿಯಾಯಿತಿ. ಸೋಮವಾರ ಹೋಗಬೇಡಿ, ಜಾತ್ರೆಯಿರುತ್ತದೆ. ನಾನು ಬುಧವಾರ ಬೆಳಗ್ಗೆಯೇ ಹೋಗುವುದು.

ಹಲ್ಲು ಕೀಳಿಸಿ, ಕಾಯಿರಿ

ಉಳಿದ ಮೊಂಡು ಬೇರುಗಳನ್ನು ಕೀಳಬೇಕಾಗಬಹುದು. ಬಿಪಿ, ಶುಗರ್ ಮಾತ್ರೆಗಳ ಹಾಳೆಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ‘ಬೆಳಗ್ಗೆ ಒಂದು ಬಿಳೀದು, ರಾತ್ರಿ ಒಂದು ಕೆಂಪುದು’ ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಹೇಳಲೇಬೇಕು, ನೀವಾಗಿಯೇ ನಿಲ್ಲಿಸಲೂಬಾರದು. ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಆಗಲೇ ತೋರಿಸಿ. ಸೆಟ್ ಕೂತ ಮೇಲೆ ಅದು ಮುಚ್ಚಿಹೋಗುತ್ತದೆ. ಚನ್ನಗಿರಿ ಕಡೆಯ ನಮ್ಮ ನೆಂಟರೊಬ್ಬರಿಗೆ ನಲವತ್ತು ವರ್ಷ ಅಡಿಕೆ ಅಗಿದು ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಅಳತೆಯ ಟ್ರೇ ಒಳಗೇ ಹೋಗಲಿಲ್ಲ. ಮೊದಲು ಅದರ ಚಿಕಿತ್ಸೆ, ಆಮೇಲೆ ಹಲ್ಲು.

ಕಿತ್ತ ಮೇಲೆ ವಸಡು ಮಾಯಲು ಆರು ವಾರದಿಂದ ಮೂರು ತಿಂಗಳು ಬೇಕು. ಮೊಮ್ಮಗಳ ಮದುವೆ ಮುಂದಿನ ತಿಂಗಳು ಎಂದು ಅವಸರ ಮಾಡಬೇಡಿ. ವಸಡು ಇನ್ನೂ ಇಳಿಯುತ್ತಿರುವಾಗ ಮಾಡಿದ ಸೆಟ್ ಬೇಗ ಸಡಿಲವಾಗುತ್ತದೆ.

ಈ ಮೂರು ತಿಂಗಳಲ್ಲೇ ಕೆಲವರು ಸಂತೆಯ ಬದಿಯಲ್ಲಿ ಕೂತು ಒಂದು ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವವರ ಕೈಗೆ ಸಿಕ್ಕುತ್ತಾರೆ. ಅವರು ತಂತಿ ಬಿಗಿದು, ಹಸಿ ಪ್ಲಾಸ್ಟಿಕ್ಕನ್ನು ಬಾಯೊಳಗೇ ಗಟ್ಟಿ ಮಾಡುತ್ತಾರೆ. ವಸಡು ಸುಡುತ್ತದೆ, ಪಕ್ಕದ ಒಳ್ಳೆಯ ಹಲ್ಲೂ ಅಲ್ಲಾಡತೊಡಗುತ್ತದೆ. ತೆಗೆದು ತೊಳೆಯಲು ಬಾರದ ಹಲ್ಲು ಕೊಳೆಯದೆ ಇನ್ನೇನು? ಪುಕ್ಕಟೆ ಕೊಟ್ಟರೂ ಬೇಡ ಅನ್ನಿ.

ಅಳತೆ

ಬಾಯಿಯ ಅಚ್ಚು ಎರಡು ಸಲ ತೆಗೆಯುತ್ತಾರೆ. ಮೊದಲನೆಯದು ಒರಟು ಅಳತೆ. ಎರಡನೆಯದರಲ್ಲಿ ಕೆನ್ನೆ ತುಟಿ ಎಳೆದು, ‘ಊ ಅನ್ನಿ, ಈ ಅನ್ನಿ, ನಾಲಿಗೆ ಹೊರಗೆ ಹಾಕಿ’ ಎಂದು ಅಂಚು ಅಚ್ಚೊತ್ತಿಸುತ್ತಾರೆ. ನಾಚಿಕೆ ಬಿಟ್ಟು ಅವರು ಹೇಳಿದಷ್ಟೂ ಮಾಡಿ, ಸೆಟ್ಟಿನ ಬಿಗಿ ಹುಟ್ಟುವುದು ಆ ಅಂಚಿನಲ್ಲೇ. ಲವಂಗದ ವಾಸನೆಯ ಪೇಸ್ಟ್ ಹಾಕುತ್ತಾರೆ, ಸ್ವಲ್ಪ ಉರಿಯುತ್ತದೆ, ತುಟಿಗೂ ಮೀಸೆಗೂ ಅಂಟುತ್ತದೆ. ಮೊದಲೇ ವ್ಯಾಸಲೀನ್ ಸವರಿಸಿಕೊಳ್ಳಿ. ಓಕರಿಕೆ ಬಂದರೆ ತಲೆ ಮುಂದಕ್ಕೆ ಬಾಗಿಸಿ ಮೂಗಿನಲ್ಲಿ ಉಸಿರಾಡಬೇಕು. ಬೆಣ್ಣೆ ದೋಸೆ ತಿಂದು ಹೋಗಬೇಡಿ, ಮುಗಿಸಿಕೊಂಡು ಬಂದು ತಿನ್ನಿ. ಆದರೆ ಶುಗರ್ ಇರುವವರು ಖಾಲಿ ಹೊಟ್ಟೆಯಲ್ಲೂ ಹೋಗಬಾರದು.

‘ಕಲಿಯೋ ಹುಡುಗ್ರ ಕೈಗೆ ನಮ್ಮ ಬಾಯಿ ಕೊಟ್ರಾ?’ ಎಂದು ಗೊಣಗುವವರಿದ್ದಾರೆ. ನನಗೆ ಹುಡುಗರೇ ಇಷ್ಟ. ನಿಧಾನ, ನಿಜ. ಆದರೆ ಪ್ರತಿ ಹಂತದಲ್ಲೂ ಮೇಲಿನವರು ಬಂದು ನೋಡಿ ಒಪ್ಪಬೇಕು, ಒಪ್ಪದಿದ್ದರೆ ಮತ್ತೆ ಮಾಡಿಸುತ್ತಾರೆ. ಪರೀಕ್ಷೆ ಸಮಯ ಬಂದರೆ ಮಾತ್ರ ತಿಂಗಳು ಮುಂದೆ ಹೋಗುತ್ತದೆ. ನಿಮ್ಮನ್ನು ನೋಡುತ್ತಿರುವವರಿಗೆ ಪರೀಕ್ಷೆ ಯಾವಾಗ ಎಂದು ಮೊದಲ ದಿನವೇ ಕೇಳಿಕೊಳ್ಳಿ.

ಮೇಣದ ದಿನಗಳು

ಎಡವಟ್ಟಾಗುವುದು ಇಲ್ಲಿ. ಎರಡು ದಿನದ ಕೆಲಸ. ಒಂದು ದಿನ ಬರೀ ಮೇಣದ ದಿಂಡು ಬಾಯಿಗಿಟ್ಟು ದವಡೆ ಎಷ್ಟು ಮುಚ್ಚಬೇಕು, ಎಲ್ಲಿ ಮುಚ್ಚಬೇಕು ಎಂದು ಗುರುತು ಮಾಡುತ್ತಾರೆ. ಇನ್ನೊಂದು ದಿನ ಅದೇ ಮೇಣದ ಮೇಲೆ ಹಲ್ಲು ಜೋಡಿಸಿ ತೋರಿಸುತ್ತಾರೆ. ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಅಕ್ರಿಲಿಕ್ ತುಂಬಿ ಬೇಯಿಸುತ್ತಾರೆ. ಬೇಯಿಸಿದ ಮೇಲೆ ಅಲ್ಲಿಲ್ಲಿ ಉಜ್ಜಬಹುದು, ಅಷ್ಟೇ. ಹಲ್ಲಿನ ಎತ್ತರ, ಸಾಲು, ಬಣ್ಣ ಯಾವುದನ್ನೂ ಬದಲಿಸಲಾಗುವುದಿಲ್ಲ.

ಮೊದಲ ದಿನದ ತೊಂದರೆ ಹೀಗೆ. ವರ್ಷಗಟ್ಟಲೆ ಬೊಕ್ಕು ಬಾಯಲ್ಲಿ ತಿಂದವರು ಮುಂದಿನ ವಸಡಿನಲ್ಲಿ ಅಗಿಯಲು ಕೆಳದವಡೆ ಮುಂದಕ್ಕೆ ತಳ್ಳುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ‘ಬಾಯಿ ಮುಚ್ಚಿ’ ಎಂದರೆ ದವಡೆ ತಾನಾಗಿ ಮುಂದೆ ಬರುತ್ತದೆ. ಗುರುತು ಅಲ್ಲೇ ಬಿದ್ದರೆ, ಸೆಟ್ ಬಂದ ಮೇಲೆ ಒಳಗಿನ ಹಲ್ಲಿಗೆ ಹಲ್ಲು ಕೂಡುವುದೇ ಇಲ್ಲ. ಮನೆಯಲ್ಲೇ ಒಂದು ವಾರ ಅಭ್ಯಾಸ ಮಾಡಿಸಿ: ನಾಲಿಗೆಯ ತುದಿ ಅಂಗುಳಿನ ಹಿಂಭಾಗಕ್ಕೆ ಮಡಚಿ, ಉಗುಳು ನುಂಗುತ್ತಾ ಬಾಯಿ ಮುಚ್ಚಬೇಕು. ದವಡೆ ತನ್ನ ಜಾಗಕ್ಕೆ ಹಿಂದೆ ಸರಿಯುತ್ತದೆ. ನಮ್ಮ ಅತ್ತೆಗೆ ಹಾಲು ಕುಡಿಯುವಾಗೆಲ್ಲ ಇದನ್ನು ಮಾಡಿಸಿದ್ದೆ. ಅವರ ಸೆಟ್ ಇವತ್ತೂ ಬಾಯಲ್ಲೇ ಇದೆ.

ಎತ್ತರದ ಲೆಕ್ಕ ಇನ್ನೂ ಸೂಕ್ಷ್ಮ. ಸುಮ್ಮನೆ ಕೂತಾಗ ತುಟಿ ಕೂಡಿರಬೇಕು, ಆದರೆ ಮೇಲಿನ ಕೆಳಗಿನ ಹಲ್ಲಿನ ನಡುವೆ ಎರಡು ಮೂರು ಮಿಲಿಮೀಟರ್ ಖಾಲಿ ಇರಬೇಕು. ಎತ್ತರ ಹೆಚ್ಚಾದರೆ ಮಾತಾಡುವಾಗ ಟಕಟಕ ಸದ್ದು, ಸಂಜೆಯಾದರೆ ದವಡೆ ನೋವು, ಮುಖ ಏನನ್ನೋ ತಡೆದುಕೊಂಡಂತೆ. ಕಡಿಮೆಯಾದರೆ ಗದ್ದ ಮೂಗಿನ ಹತ್ತಿರ ಬಂದು, ತುಟಿಯ ಮೂಲೆಯಲ್ಲಿ ಎಂಜಲು ನಿಂತು ಸೀಳು ಬಿಡುತ್ತದೆ. ದೊಡ್ಡವ್ವನದು ಎತ್ತರ ಹೆಚ್ಚಾದ ಕೇಸು. ಮೇಣದ ಹಲ್ಲು ಇಟ್ಟು ‘ಹೆಂಗದೆ ಅಜ್ಜಿ?’ ಎಂದು ಆ ಹುಡುಗಿ ಮೂರು ಸಲ ಕೇಳಿದಳು. ದೊಡ್ಡವ್ವ ಮೂರು ಸಲವೂ ‘ಹೂನವ್ವ, ಚಂದೈತಿ ಬಿಡು’ ಎಂದಳು. ಹೊರಗೆ ಬಂದ ಮೇಲೆ ನನ್ನ ಹತ್ತಿರ, ‘ಬಾಯ್ತುಂಬ ಕಲ್ಲು ಇಟ್ಟಂಗಾತು. ಪಾಪ, ಕೂಸು ಬೆಳಗ್ಗಿಂದ ನಿಂತೈತಿ, ಬ್ಯಾಡ ಅಂತ ಹೆಂಗನ್ಲಿ?’ ನಮ್ಮ ಹಿರಿಯರ ಈ ದಾಕ್ಷಿಣ್ಯವೇ ಸೆಟ್ಟನ್ನು ಡಬ್ಬಿಗೆ ಕಳಿಸುವುದು. ಪುಕ್ಕಟೆ ಕೊಡುತ್ತಿದ್ದಾರೆ, ಹೆಸರಿಡಬಾರದು ಎಂಬ ಸಂಕೋಚವೂ ಅದಕ್ಕೆ ಸೇರಿಕೊಳ್ಳುತ್ತದೆ. ಅದು ಯಾರ ಭಿಕ್ಷೆಯೂ ಅಲ್ಲ, ಕಾಲೇಜಿಗೆ ಸರ್ಕಾರ ದುಡ್ಡು ಕಟ್ಟುತ್ತದೆ.

ಹಾಗಾಗಿ ಆ ದಿನ ಜೊತೆಗೆ ಹೋಗುವವರು ಅಜ್ಜಿಯ ಮುಖವನ್ನು ದಿನಾ ನೋಡುವವರಾಗಿರಬೇಕು. ಸೊಸೆಯಾದರೆ ಉತ್ತಮ, ಅವಳು ಸುಳ್ಳು ಹೊಗಳುವುದಿಲ್ಲ. ಹಲ್ಲಿದ್ದ ಕಾಲದ ಫೋಟೋ ಒಂದು ಒಯ್ಯಿರಿ. ಕನ್ನಡಕ ಮರೆಯಬೇಡಿ. ಕುರ್ಚಿಯ ಲೈಟಿನಲ್ಲಿ ನೋಡಿದರೆ ಸಾಲದು, ಕನ್ನಡಿ ಹಿಡಿದು ಕಿಟಕಿಯ ಹತ್ತಿರ ನಿಂತು ನೋಡಬೇಕು. ಮುಂದಿನ ಎರಡು ಹಲ್ಲಿನ ನಡುಗೆರೆ ಮೂಗಿನ ನೇರಕ್ಕಿದೆಯೇ? ನಕ್ಕಾಗ ಹಲ್ಲು ಎಷ್ಟು ಕಾಣುತ್ತದೆ? ಆಮೇಲೆ ಮಾತಾಡಿಸಿ. ‘ಸಾಸಿವೆ, ಸೊಸೆ, ಸಂತೆಬೆನ್ನೂರು’ ಅನ್ನಿಸಿ. ‘ಸ’ ಎನ್ನುವಾಗ ಹಲ್ಲಿಗೆ ಹಲ್ಲು ಬಡಿದರೆ ಎತ್ತರ ಜಾಸ್ತಿ. ‘ಫೋನು, ಫೋಟೋ’ ಎನ್ನುವಾಗ ಮೇಲಿನ ಹಲ್ಲಿನ ತುದಿ ಕೆಳತುಟಿಗೆ ಹಗುರವಾಗಿ ತಾಗಬೇಕು. ಮೊಮ್ಮಕ್ಕಳ ಹೆಸರನ್ನೆಲ್ಲ ಹೇಳಿಸಿ. ಹತ್ತು ನಿಮಿಷವಾದರೂ ಬಾಯಲ್ಲಿರಲಿ. ಕಚ್ಚಿ ನೋಡುವುದು ಮಾತ್ರ ಬೇಡ, ಮೇಣ ಬಾಯಿಯ ಬಿಸಿಗೇ ಮೆತ್ತಗಾಗಿ ಹಲ್ಲು ಜರುಗುತ್ತದೆ.

ಬಣ್ಣದ ವಿಷಯದಲ್ಲಿ ನನ್ನದು ಕಡ್ಡಾಯ ಸಲಹೆ: ಒಂದು ಛಾಯೆ ಹಳದಿಗೇ ಆರಿಸಿ. ಎಪ್ಪತ್ತರ ಮುಖಕ್ಕೆ ಹಾಲುಬಿಳಿ ಹಲ್ಲು ದೂರದಿಂದಲೇ ‘ಸೆಟ್’ ಎಂದು ಕೂಗುತ್ತದೆ.

ಏನಾದರೂ ಸರಿಯಿಲ್ಲ ಅನ್ನಿಸಿದರೆ ‘ಇನ್ನೊಂದ್ಸಲ ಮೇಣದಲ್ಲೇ ತೋರ್ಸಮ್ಮ’ ಎನ್ನಿ. ಒಂದು ಬಸ್ ಪ್ರಯಾಣ ಹೆಚ್ಚಾಗುತ್ತದೆ, ಅಷ್ಟೇ.

ಬಂದ ಮೇಲೆ

ಮೊದಲ ವಾರ ಎಂಜಲು ಸುರಿಯುತ್ತದೆ, ಮಾತು ತೊದಲುತ್ತದೆ. ಈ ಪುರವಣಿಯನ್ನೇ ದಿನಾ ಗಟ್ಟಿಯಾಗಿ ಓದಲಿ. ಕೆಳಗಿನ ಸೆಟ್ ಮೇಲಿನಷ್ಟು ಬಿಗಿಯಾಗಿ ಎಂದೂ ಕೂರುವುದಿಲ್ಲ. ಅಲ್ಲಿ ಹಿಡಿಯಲು ಜಾಗ ಕಡಿಮೆ, ಜೊತೆಗೆ ನಾಲಿಗೆ ತಳ್ಳುತ್ತಿರುತ್ತದೆ. ಅದನ್ನು ದೋಷ ಅಂದುಕೊಳ್ಳಬೇಡಿ. ಊಟಕ್ಕೆ ದುರ್ಗದ ಕಡೆಯವರು ಪುಣ್ಯವಂತರು, ರಾಗಿ ಮುದ್ದೆಗೆ ಹಲ್ಲೇ ಬೇಡ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಚಿಕ್ಕ ತುತ್ತು ಮಾಡಿ ಎರಡೂ ಬದಿಗೆ ಹಂಚಿಕೊಂಡು ಅಗಿಯಬೇಕು. ಮುಂದಿನ ಹಲ್ಲಿನಲ್ಲಿ ಕಚ್ಚಿದರೆ ಹಿಂದೆ ಎದ್ದುಬಿಡುತ್ತದೆ. ಮಂಡಕ್ಕಿ, ಶೇಂಗಾ ಎರಡು ತಿಂಗಳು ಬೇಡ. ಚೂರು ಸೆಟ್ಟಿನಡಿ ಸೇರಿ ವಸಡಿಗೆ ಒತ್ತುತ್ತದೆ.

ಹುಣ್ಣಾಗುವುದು ಸಹಜ, ಅದಕ್ಕೇ ಮರುದಿನ ಮತ್ತು ಒಂದು ವಾರಕ್ಕೆ ಕರೆಯುತ್ತಾರೆ. ನೋವೆಂದು ಸೆಟ್ ತೆಗೆದಿಟ್ಟು, ಡಾಕ್ಟರ್ ಮುಂದೆ ಹೋಗಿ ‘ಎಲ್ಲೋ ಒತ್ತುತ್ತೆ’ ಎಂದರೆ ಅವರಿಗೆ ಜಾಗ ಕಾಣುವುದಿಲ್ಲ. ಹೋಗುವ ಮುನ್ನ ಕೆಲವು ಗಂಟೆ ಹಾಕಿಕೊಂಡೇ ಇರಬೇಕು, ಕೆಂಪು ಗುರುತು ಬಿದ್ದಿರುತ್ತದೆ. ಮನೆಯಲ್ಲಿ ಬ್ಲೇಡು, ಪಾಲಿಶ್ ಪೇಪರ್ ಹಿಡಿಯುವ ಜಾಣತನ ಬೇಡ. ಮುರಿದರೆ ಫೆವಿಕ್ವಿಕ್ ಅಂತೂ ಬೇಡವೇ ಬೇಡ, ವಕ್ರ ಅಂಟಿದ್ದನ್ನು ಯಾರೂ ನೇರ ಮಾಡಲಾರರು. ತುಂಡುಗಳನ್ನು ಹಾಗೇ ಒಯ್ಯಿರಿ. ಮೆಡಿಕಲ್ ಅಂಗಡಿಯ ಅಂಟು ಪುಡಿ, ಗುಳ್ಳೆ ಬರುವ ತೊಳೆಯುವ ಮಾತ್ರೆ, ಇವೆರಡಕ್ಕೂ ನಾನು ಒಂದು ರೂಪಾಯಿ ಖರ್ಚು ಮಾಡಿಸಿಲ್ಲ. ಸ್ನಾನದ ಸೋಪು, ಮೆತ್ತನೆ ಬ್ರಷ್ ಸಾಕು. ಪೇಸ್ಟ್, ಕೆಂಪು ಹಲ್ಲುಪುಡಿ, ಇದ್ದಿಲು ಎಲ್ಲವೂ ಗೀರುತ್ತವೆ. ಬಿಸಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬಕೆಟ್ ಇರಲಿ, ಜಾರಿದರೂ ಒಡೆಯುವುದಿಲ್ಲ. ರಾತ್ರಿ ತೆಗೆದು ತಣ್ಣೀರಲ್ಲಿಡಿ, ವಸಡಿಗೂ ವಿಶ್ರಾಂತಿ ಬೇಕು.

ಇನ್ನೊಂದು ಮಾತು, ಬಸ್ಸಿನಲ್ಲಿ ವಾಂತಿ ಮಾಡುವವರಿಗೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಸೆಟ್ ಕಳೆದುಕೊಂಡವರು ನನಗೆ ಗೊತ್ತಿರುವವರಲ್ಲೇ ಇಬ್ಬರು, ಇಬ್ಬರೂ ಧರ್ಮಸ್ಥಳದ ದಾರಿಯಲ್ಲಿ. ಚಾರ್ಮಾಡಿ ಘಾಟಿ ಇಳಿಯುವ ಮುಂಚೆ, ಕೊಟ್ಟಿಗೆಹಾರದಲ್ಲಿ ಬಸ್ ಟೀಗೆ ನಿಂತಾಗಲೇ ತೆಗೆದು ಡಬ್ಬಿಗೆ ಹಾಕಿ.