ಬಾವುಟದ ನಡುವಿನ ಚರಕ: ಮಕ್ಕಳ ಐತಿಹಾಸಿಕ ಕಾದಂಬರಿಯೊಂದನ್ನು ಬರೆದ ಅನುಭವ

ಗೌರಿಬಿದನೂರು ತಾಲ್ಲೂಕಿನ ಮಕ್ಕಳಿಗೆ ವಿದುರಾಶ್ವತ್ಥವೆಂದರೆ ನಾಗರಕಲ್ಲುಗಳ ಕ್ಷೇತ್ರ, ಮನೆಯವರೊಂದಿಗೆ ಹೋಗಿ ತನಿ ಎರೆದು ಬರುವ ಜಾಗ. 1938ರ ಏಪ್ರಿಲ್ 25ರಂದು ಅಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ ಸಂಗತಿಯನ್ನು ಕೇಳಿದವರಿದ್ದರೂ, ಆ ದಿನ ತಮ್ಮ ವಯಸ್ಸಿನ ಮಕ್ಕಳೂ ಆ ಊರುಗಳಲ್ಲಿ ಬದುಕಿದ್ದರೆಂಬುದು ಅವರ ಮನಸ್ಸಿಗೆ ಬಂದಿರುವುದಿಲ್ಲ. ಹನ್ನೊಂದು ವರ್ಷದ ಹುಡುಗನೊಬ್ಬ ಕಂಡಂತೆ ಆ ದಿನವನ್ನು ಹೇಳುವ ಕಿರುಕಾದಂಬರಿಯನ್ನು ಬರೆಯಲು ನಾನು ಹೊರಟದ್ದು ಇದೇ ಕಾರಣಕ್ಕೆ.

ಇಡೀ ಹಸ್ತಪ್ರತಿ ಮುಗಿಯುವವರೆಗೆ ಕಾಯದೆ, ಒಂದೊಂದು ಅಧ್ಯಾಯ ಸಿದ್ಧವಾದಂತೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ, ಶನಿವಾರ ಶಾಲೆ ಬಿಡುವ ಮುಂಚಿನ ಅರ್ಧ ಗಂಟೆ ಆರು ಮತ್ತು ಏಳನೆಯ ತರಗತಿಯವರಿಗೆ ಗಟ್ಟಿಯಾಗಿ ಓದಿದೆ. ಎರಡನೆಯ ಅಧ್ಯಾಯದಲ್ಲಿ ಹುಡುಗನ ಅಕ್ಕ ಖಾದಿ ಬಟ್ಟೆಯ ಮೇಲೆ ನೀಲಿ ದಾರದಿಂದ ಚಕ್ರವನ್ನು ಕಸೂತಿ ಹಾಕುವ ಸನ್ನಿವೇಶವಿತ್ತು. ಓದಿ ಮುಗಿಸುತ್ತಲೇ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಅಶೋಕ ಚಕ್ರ ಬಂದಿದ್ದು ಸ್ವಾತಂತ್ರ್ಯ ಬಂದಾಗ ಅಲ್ವಾ?" ಎಂದು ಕೇಳಿದಳು. ಅವಳ ಮಾತೇ ಸರಿ. 1931ರಲ್ಲಿ ಕಾಂಗ್ರೆಸ್ ಒಪ್ಪಿಕೊಂಡ ಬಾವುಟದ ನಡುವೆ ಇದ್ದದ್ದು ಚರಕ. ಅದರ ಜಾಗಕ್ಕೆ ಚಕ್ರ ಬಂದದ್ದು 1947ರ ಜುಲೈನಲ್ಲಿ. ನನಗೆ ತಿಳಿದಿದ್ದ ವಿಷಯವೇ ಆದರೂ ದಿನವೂ ಕಾಣುವ ಬಾವುಟವನ್ನೇ ನನ್ನ ಕೈ ಬರೆದುಬಿಟ್ಟಿತ್ತು. ತಿದ್ದುವಾಗ ಇನ್ನೊಂದು ಹೊಳೆಯಿತು: ಚಕ್ರಕ್ಕಿಂತ ಚರಕವನ್ನು ಹೊಲಿಯುವುದು ಕಷ್ಟ. ಅಕ್ಕ ಕದಿರು, ಗಾಲಿಗಳನ್ನು ಎರಡು ಸಲ ಬಿಚ್ಚಿ ಮತ್ತೆ ಹೊಲಿಯುತ್ತಾಳೆ, ಸೀಮೆಎಣ್ಣೆ ಬುಡ್ಡಿಯನ್ನು ಹಿಡಿದ ತಮ್ಮನಿಗೆ ತೂಕಡಿಕೆ ಬರುತ್ತದೆ. ಮೊದಲಿಗಿಂತ ಜೀವವಿದ್ದ ಸನ್ನಿವೇಶ ಆ ಹುಡುಗಿಯ ಪ್ರಶ್ನೆಯಿಂದಲೇ ಸಿಕ್ಕಿತು.

ಆಮೇಲೆ ಕಥೆಯ ಒಂದೊಂದು ವಸ್ತುವನ್ನೂ ಪರೀಕ್ಷಿಸುತ್ತ ಹೋದೆ. ಕಡಲೆಕಾಯಿಗೆ ಹುಡುಗ ಕೊಟ್ಟಿದ್ದ ಐದು ಪೈಸೆ ಕಾಸಿಗೆ ಬದಲಾಯಿತು, ಏಕೆಂದರೆ ನಯಾಪೈಸೆ ಬಂದದ್ದು 1957ರಲ್ಲಿ. ಅದಕ್ಕೂ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಗುಂಡಿನ ಸದ್ದಿಗೆ ಹೆದರಿದ ಹುಡುಗ ತುಂಬಿದ ಹೊಳೆಗೆ ಧುಮುಕುತ್ತಾನೆಂದು ಬರೆದಿದ್ದೆ. ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ ಆ ಜಾಗದಲ್ಲಿ ನಡೆದಾಡಿದ ಮೇಲೆ, ಉತ್ತರ ಪಿನಾಕಿನಿ ಬೇಸಿಗೆಯಲ್ಲಿ ತುಂಬಿ ಹರಿಯುವ ಹೊಳೆಯಲ್ಲವೆಂಬುದು ಕಾಲಿಗೇ ತಿಳಿಯಿತು. ನನ್ನ ಹುಡುಗ ಈಗ ಕಾಯ್ದ ಮರಳಿನ ಮೇಲೆ ಬರಿಗಾಲಿನಲ್ಲಿ ಓಡುತ್ತಾನೆ. ಆ ಪುರಾತನ ಅಶ್ವತ್ಥ ವೃಕ್ಷ 2001ರಲ್ಲಿ ಉರುಳಿದ್ದರಿಂದ, ಅದರ ನೆರಳನ್ನು ಮಾತ್ರ ಹಿರಿಯರ ನೆನಪಿನಿಂದ ಕಟ್ಟಿಕೊಳ್ಳಬೇಕಾಯಿತು.

ಮಕ್ಕಳನ್ನು ಹೆಚ್ಚು ಗೊಂದಲಕ್ಕೀಡುಮಾಡಿದ್ದು ಬೇರೆಯೇ ವಿಷಯ. "ಬಾವುಟ ಹಾರಿಸಬಾರದು ಅಂದಿದ್ದು ಬ್ರಿಟಿಷರಾ, ಮಹಾರಾಜರಾ?" ಎಂದು ಅವರು ಮತ್ತೆ ಮತ್ತೆ ಕೇಳಿದರು. ಸಂಸ್ಥಾನ, ಪ್ರಾಂತ್ಯ, ದಿವಾನಗಿರಿ ಎಂದು ನಾನು ವಿವರಿಸಿದಷ್ಟೂ ಮುಖಗಳು ಬಾಡುತ್ತಿದ್ದವು. ಕೊನೆಗೆ ನೆರವಾದದ್ದು ಹಿಂದೂಪುರ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅಲ್ಲಿ ನೆಂಟರಿದ್ದಾರೆ, ಸಂತೆ ವ್ಯಾಪಾರವೂ ಅಲ್ಲಿಯದೇ. 1938ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಹಿಂದಿನ ವರ್ಷವೇ ರಾಜಗೋಪಾಲಾಚಾರಿಯವರ ಮುಂದಾಳತ್ವದಲ್ಲಿ ಕಾಂಗ್ರೆಸ್ ಸರ್ಕಾರ ಬಂದಿತ್ತು. ಹಾಗಾಗಿ ಹುಡುಗನಿಗೆ ಹಿಂದೂಪುರದಲ್ಲಿ ಒಬ್ಬ ಸೋದರಮಾವನನ್ನು ಕೊಟ್ಟೆ. ಮಾವನ ಊರಿನಲ್ಲಿ ಯಾರ ಅಡ್ಡಿಯೂ ಇಲ್ಲದೆ ಹಾರುವ ಬಾವುಟವೇ ತನ್ನ ಊರಿನಲ್ಲಿ ಅಪರಾಧವೆಂಬುದನ್ನು ಹುಡುಗ ಗಾಡಿಯಲ್ಲಿ ಕುಳಿತೇ ಕಂಡುಕೊಳ್ಳುತ್ತಾನೆ. ಆ ಶನಿವಾರ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಮಾವನ ಬಾಯಲ್ಲಿ ತೆಲುಗು ಮಾತು ಬಂದಾಗಲಂತೂ, ಮನೆಯಲ್ಲಿ ಅದನ್ನೇ ಆಡುವ ಮಕ್ಕಳ ಕಣ್ಣುಗಳು ಅರಳಿದವು. ಅಲ್ಲಿಯವರೆಗೆ ನನ್ನ ಪಾತ್ರಗಳೆಲ್ಲ ಪಠ್ಯಪುಸ್ತಕದ ಕನ್ನಡವನ್ನೇ ಆಡುತ್ತಿದ್ದವು.

ಸತ್ತವರ ಸಂಖ್ಯೆಯ ವಿಷಯದಲ್ಲಿ ನಾನು ಬಹಳ ದಿನ ತಡವರಿಸಿದೆ. ಸರ್ಕಾರದ ಲೆಕ್ಕ 10, ಜನರ ಲೆಕ್ಕ 30ಕ್ಕೂ ಹೆಚ್ಚು. ಮೊದಲ ಕರಡಿನಲ್ಲಿ ಹುಡುಗನೇ ಹೆಣಗಳನ್ನು ಎಣಿಸುತ್ತಿದ್ದ. ಅದನ್ನು ಓದುವಾಗ ನನ್ನ ದನಿಯೇ ನಿಂತಿತು. ಎಳೆಯ ಮಗುವಿನ ಕೈಯಲ್ಲಿ ಆ ಎಣಿಕೆಯನ್ನು ಮಾಡಿಸುವುದು ಕ್ರೌರ್ಯ, ದಾಖಲೆಗಳೇ ಒಪ್ಪದಿರುವಾಗ ಒಂದು ಸಂಖ್ಯೆಯನ್ನು ಅವನ ಬಾಯಲ್ಲಿ ನುಡಿಸುವುದು ಸುಳ್ಳು. ಈಗಿನ ಪ್ರತಿಯಲ್ಲಿ ಅವನು ಜಗಲಿಯ ಮೇಲೆ ಮಲಗಿರುವಾಗ ದೊಡ್ಡವರು ಒಳಗೆ ಬೇರೆ ಬೇರೆ ಲೆಕ್ಕ ಹೇಳಿ ವಾದಿಸುವುದನ್ನು ಕೇಳಿಸಿಕೊಳ್ಳುತ್ತಾನೆ, ನಿದ್ದೆ ಬರುವುದಿಲ್ಲ.

ಸರ್ದಾರ್ ವಲ್ಲಭಭಾಯಿ ಪಟೇಲರು ಬಂದದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಒಪ್ಪಂದವಾದದ್ದು, ಸಂಸ್ಥಾನದ ಬಾವುಟದ ಜೊತೆಯಲ್ಲಿ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಅನುಮತಿ ಸಿಕ್ಕಿದ್ದು ಕೊನೆಯ ಅಧ್ಯಾಯದ ಒಂದೇ ಪುಟದಲ್ಲಿ ಬರುತ್ತವೆ. ಪುಸ್ತಕದ ಹಿಂದೆ ಎರಡು ಪುಟಗಳನ್ನು ಸೇರಿಸಿದ್ದೇನೆ: ಒಂದರಲ್ಲಿ ನಿಜವಾಗಿ ನಡೆದದ್ದು, ಇನ್ನೊಂದರಲ್ಲಿ ನಾನು ಕಟ್ಟಿದ್ದು. ಹುಡುಗ, ಅಕ್ಕ, ಸೋದರಮಾವ ಮೂವರೂ ಎರಡನೆಯ ಪುಟದಲ್ಲಿದ್ದಾರೆ. ಅದನ್ನು ಓದಿದ ದಿನ ಆರನೆಯ ತರಗತಿಯ ಹುಡುಗನೊಬ್ಬ, ಅಕ್ಕ ಇರಲೇ ಇಲ್ಲವೇ ಎಂದು ಬೇಸರದಿಂದ ಕೇಳಿದ. ಬಾವುಟವನ್ನು ಯಾರೋ ಹೊಲಿದಿರಲೇಬೇಕು, ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಹಾಗಿದ್ದರೆ ಅಕ್ಕನನ್ನು ಎರಡೂ ಪುಟಗಳ ನಡುವೆ ಬರೆಯಬೇಕೆಂದು ಹೇಳಿದ. ಅಚ್ಚಿಗೆ ಹೋದ ಪ್ರತಿಯಲ್ಲಿ ಅವಳ ಹೆಸರು ಹಾಗೆಯೇ ಇದೆ.